ಸ್ಮಾರಕ ನಾಣ್ಯಗಳೂ ಕೃತಕ ವಿರಳತೆಯೂ

ಇತಿಹಾಸದ ಆಕರಗಳಲ್ಲಿ ನಾಣ್ಯಕ್ಕೆ ನಾವು ವಿಶೇಷವಾದ ಗೌರವವನ್ನು ಸಲ್ಲಿಸುತ್ತ ಬಂದಿದ್ದೇವೆ. ಶಿಲಾಶಾಸನದಲ್ಲಿ ಪ್ರಶಸ್ತಿಕಾರನ ಅತಿಶಯೋಕ್ತಿ ಇರಬಹುದು. ಕೈಫಿಯತ್ತಿನಲ್ಲಿ ಬರೆದವನ ಪಕ್ಷಪಾತ ನುಸುಳಬಹುದು. ನಾಣ್ಯವಾದರೋ ಸಂತೆಯಲ್ಲಿ ಕೈಯಿಂದ ಕೈಗೆ ನಡೆಯುವುದಕ್ಕಾಗಿ ಹುಟ್ಟಿದ್ದು. ಸುಳ್ಳು ಹೇಳಬೇಕಾದ ಪ್ರಮೇಯ ಅದಕ್ಕೆ ಕಡಿಮೆ. ಈ ನಂಬಿಕೆ ಬಹುಮಟ್ಟಿಗೆ ಸರಿಯಾದದ್ದೇ. ಆದರೆ ನಡೆಯುವುದಕ್ಕಾಗಿ ಅಲ್ಲದೆ, ಸಂಗ್ರಾಹಕನ ಪೆಟ್ಟಿಗೆಯನ್ನು ಸೇರುವುದಕ್ಕಾಗಿಯೇ ಹುಟ್ಟಿದ ನಾಣ್ಯದ ವಿಷಯದಲ್ಲಿಯೂ ಈ ಮಾತು ನಿಲ್ಲುತ್ತದೆಯೇ? ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1892ರಿಂದ 1939ರವರೆಗೆ ಹೊರಟ ಬೆಳ್ಳಿಯ ಸ್ಮಾರಕ ಅರ್ಧ ಡಾಲರುಗಳ ವೃತ್ತಾಂತವನ್ನು ಆಧರಿಸಿ ಈ ಪ್ರಶ್ನೆಯನ್ನು ವಿಚಾರ ಮಾಡುವುದು ಪ್ರಕೃತ ಲೇಖನದ ಉದ್ದೇಶ.

ಕೊಲಂಬಸನು ಅಮೆರಿಕವನ್ನು ತಲಪಿ 400 ವರ್ಷಗಳು ತುಂಬಿದ ನೆನಪಿಗಾಗಿ ಶಿಕಾಗೋ ನಗರದಲ್ಲಿ 1893ರಲ್ಲಿ ಒಂದು ಮಹಾಪ್ರದರ್ಶನ ನಡೆಯಿತು. ಅದರ ವೆಚ್ಚಕ್ಕೆ ನೆರವಾಗಲೆಂದು ಅಲ್ಲಿಯ ಶಾಸನಸಭೆಯಾದ ಕಾಂಗ್ರೆಸ್ಸು 1892ರಲ್ಲಿ 50 ಲಕ್ಷ ಅರ್ಧ ಡಾಲರುಗಳನ್ನು ಟಂಕಿಸಲು ಅನುಮತಿಯಿತ್ತಿತು. ಒಂದೊಂದು ನಾಣ್ಯದ ತೂಕ 12.5 ಗ್ರಾಂ, ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿ. ಮುಖಬೆಲೆ ಅರ್ಧ ಡಾಲರ್, ಮಾರಾಟದ ಬೆಲೆ ಒಂದು ಡಾಲರ್. ಮೊದಲನೆಯ ನಾಣ್ಯವನ್ನು ರೆಮಿಂಗ್ಟನ್ ಟೈಪ್‌ರೈಟರಿನ ವರ್ತಕರು 10,000 ಡಾಲರು ಕೊಟ್ಟು ಕೊಂಡರು. ಆದರೆ ಜನಸಾಮಾನ್ಯರು ಅಷ್ಟು ಉತ್ಸಾಹ ತೋರಲಿಲ್ಲ. ಮಾರಾಟವಾಗದೆ ಉಳಿದವುಗಳಲ್ಲಿ ಸುಮಾರು 25 ಲಕ್ಷ ನಾಣ್ಯಗಳು ಮತ್ತೆ ಮೂಸೆಗೆ ಹೋದುವು. ಮಿಕ್ಕವುಗಳಲ್ಲಿ ಅನೇಕವು ಮುಖಬೆಲೆಗೇ ಚಲಾವಣೆಗೆ ಇಳಿದು ಇತರ ನಾಣ್ಯಗಳಂತೆಯೇ ಸವೆದುವು. ಧಾರಾಳವಾಗಿ ಸಿಕ್ಕುವ ವಸ್ತುವಿಗೆ ಇಮ್ಮಡಿ ಬೆಲೆಯನ್ನು ಯಾರೂ ಬಹುಕಾಲ ಕೊಡಲಾರರೆಂಬ ಪಾಠವನ್ನು ಈ ಮೊದಲ ಪ್ರಯೋಗವೇ ಕಲಿಸಿತು. ಮುಂದೆ ಬಂದವರು ಆ ಪಾಠವನ್ನು ಚೆನ್ನಾಗಿ ಕಲಿತರು.

ಈ ವ್ಯವಸ್ಥೆಯ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಕಾಂಗ್ರೆಸ್ಸು ಒಂದು ಶಾಸನವನ್ನು ಮಾಡುತ್ತಿತ್ತು. ಟಂಕಸಾಲೆಯು ನಾಣ್ಯಗಳನ್ನು ಅಚ್ಚುಹಾಕಿ ಶಾಸನದಲ್ಲಿ ಹೆಸರಿಸಿದ ಸಂಘಕ್ಕೆ ಮುಖಬೆಲೆಗೆ ಕೊಡುತ್ತಿತ್ತು. ಸಂಘವು ಅವನ್ನು ತನಗೆ ತೋರಿದ ಬೆಲೆಗೆ ಮಾರುತ್ತಿತ್ತು. ಇವೆರಡರ ಅಂತರವೇ ಸಂಘದ ಲಾಭವಾಗಿತ್ತು. ತೆರಿಗೆಯನ್ನು ಹಾಕದೆ, ಚಂದಾ ಎತ್ತದೆ ಒಂದು ಸ್ಮಾರಕಕ್ಕೋ ಉತ್ಸವಕ್ಕೋ ಹಣವನ್ನು ಒದಗಿಸುವ ಈ ಮಾರ್ಗ ನಿರಪಾಯವಾಗಿಯೇ ಕಂಡಿತು. ಆದರೆ ರಾಜ್ಯದ ಮುದ್ರೆಯನ್ನು ಪಡೆದವರು ಅದರಿಂದ ಎಷ್ಟು ಬಗೆಯ ನಾಣ್ಯಗಳನ್ನು ಹುಟ್ಟಿಸಬಹುದು, ಯಾರಿಗೆ ಮಾರಬಹುದು ಎಂಬುದಕ್ಕೆ ಆರಂಭದಲ್ಲಿ ಕಟ್ಟುನಿಟ್ಟಾದ ನಿಯಮವಿರಲಿಲ್ಲ.

1930ರ ದಶಕದಲ್ಲಿ ಸಂಗ್ರಹದ ಅಭಿರುಚಿಯೂ ಬದಲಾಯಿಸಿತು. ವೇಟ್ ರೇಮಂಡ್ ಮೊದಲಾದ ವರ್ತಕರು ಪ್ರತಿಯೊಂದು ವರ್ಷಕ್ಕೂ ಪ್ರತಿಯೊಂದು ಟಂಕಸಾಲೆಗೂ ಒಂದೊಂದು ರಂಧ್ರವಿದ್ದ ರಟ್ಟಿನ ಪುಟಗಳನ್ನು ಮಾರಾಟಕ್ಕೆ ತಂದರು. ಅದಕ್ಕೆ ಮುಂಚೆ ಒಂದು ಬಗೆಗೆ ಒಂದು ನಾಣ್ಯವಿದ್ದರೆ ತೃಪ್ತನಾಗುತ್ತಿದ್ದ ಸಂಗ್ರಾಹಕನಿಗೆ ಈಗ ಬರಿದಾದ ರಂಧ್ರವೊಂದು ಕೊರತೆಯಾಗಿ ಕಾಣತೊಡಗಿತು. ಫಿಲಡೆಲ್ಫಿಯ, ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೋ ಎಂಬ ಮೂರು ಟಂಕಸಾಲೆಗಳಲ್ಲಿಯೂ ಒಂದೇ ಅಚ್ಚನ್ನು ಹಾಕಿಸಿದರೆ ಒಂದು ನಾಣ್ಯ ಮೂರಾಯಿತು. ವರ್ಷಾಂಕವನ್ನು ಬದಲಾಯಿಸಿದರೆ ಆರಾಯಿತು. ಡೇನಿಯಲ್ ಬೂನ್ ಎಂಬ ಗಡಿನಾಡಿನ ವೀರನು ಹುಟ್ಟಿ 200 ವರ್ಷವಾದುದರ ಸ್ಮಾರಕವಾಗಿ 1934ರಲ್ಲಿ ಆರಂಭವಾದ ನಾಣ್ಯವು 1938ರ ವೇಳೆಗೆ 16 ಬಗೆಗಳಾಗಿ ಬೆಳೆದಿತ್ತು. ಇವುಗಳಲ್ಲಿ 1935ರ ಒಂದು ಬಗೆಯಲ್ಲಿ 1934 ಎಂಬ ಸಣ್ಣ ಅಂಕಿಯನ್ನು ಹೊಸದಾಗಿ ಸೇರಿಸಲಾಯಿತು. ಅದನ್ನು ಡೆನ್ವರಿನಲ್ಲಿ 2,003, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2,004 ಮಾತ್ರ ಟಂಕಿಸಿದರು. 2,000ದ ಮೇಲಿನ ಆ ಮೂರು ನಾಲ್ಕು ನಾಣ್ಯಗಳು ವಾರ್ಷಿಕ ಪರೀಕ್ಷಾ ಸಮಿತಿಯು ಲೋಹದ ಶುದ್ಧಿಯನ್ನು ಪರೀಕ್ಷಿಸುವುದಕ್ಕಾಗಿ ಮೀಸಲಾದವು. ಈ ಜೋಡಿಯ ಘೋಷಿತ ಬೆಲೆ 3.70 ಡಾಲರ್. ಕೋರಿಕೆ ಕಳುಹಿಸಿದ ಬಹುಮಂದಿಗೆ ನಾಣ್ಯಗಳು ಮುಗಿದುವೆಂಬ ಉತ್ತರ ಬಂತು. ಪೇಟೆಯಲ್ಲಿ ಮಾತ್ರ ಅವೇ ನಾಣ್ಯಗಳು ಅನೇಕ ಪಟ್ಟು ಬೆಲೆಗೆ ದೊರೆಯುತ್ತಿದ್ದುವು.

ಈ ಬೆಳವಣಿಗೆಯ ಪರಾಕಾಷ್ಠೆಯನ್ನು 1936ರಲ್ಲಿ ಹೊರಟ ಸಿನ್ಸಿನಾಟಿ ನಗರದ ನಾಣ್ಯದಲ್ಲಿ ಕಾಣುತ್ತೇವೆ. ಆ ನಗರವು ಅಮೆರಿಕದ ಸಂಗೀತಕೇಂದ್ರವಾಗಿ 50 ವರ್ಷ ತುಂಬಿತೆಂಬುದು ಅದಕ್ಕೆ ಹೇಳಿದ ಕಾರಣ. ನಾಣ್ಯಸಂಗ್ರಾಹಕನೂ ಆಗಿದ್ದ ಥಾಮಸ್ ಮೆಲಿಷ್ ಎಂಬ ಉದ್ಯಮಿ ಈ ಪ್ರಯತ್ನದ ಸೂತ್ರಧಾರ. ಮೂರು ಟಂಕಸಾಲೆಗಳಿಂದ ಸುಮಾರು 5,000ದಂತೆ ಒಟ್ಟು 15,000 ನಾಣ್ಯಗಳಿಗೆ ಮಾತ್ರ ಅನುಮತಿಯನ್ನು ಪಡೆದು, ಮೂರು ನಾಣ್ಯಗಳ ಒಂದು ಕಟ್ಟನ್ನು 7.75 ಡಾಲರಿಗೆ ಮಾರಲಾಯಿತು. ಅದರ ಒಟ್ಟು ಮುಖಬೆಲೆ ಒಂದೂವರೆ ಡಾಲರ್. ಸ್ವಲ್ಪ ಕಾಲದಲ್ಲಿಯೇ ಕಟ್ಟಿನ ಬೆಲೆ 40 ಡಾಲರನ್ನೂ ಮೀರಿತು.

ಇಲ್ಲಿ ಇತಿಹಾಸಕಾರನು ಗಮನಿಸಬೇಕಾದ ಸಂಗತಿ ಬೆಲೆಯಲ್ಲ, ನಾಣ್ಯದ ಮೇಲಿನ ಬರಹ. ಅದರ ಮೇಲೆ 1886 ಮತ್ತು 1936 ಎಂಬ ಎರಡು ವರ್ಷಗಳಿವೆ. ಆದರೆ 1886ರಲ್ಲಿ ಸಿನ್ಸಿನಾಟಿಯ ಸಂಗೀತಜೀವನದಲ್ಲಿ ಸ್ಮರಣೀಯವಾದ ಯಾವ ಘಟನೆಯೂ ನಡೆದಿರಲಿಲ್ಲ. ಆ ನಗರದ ಕೀರ್ತಿಗೆ ಕಾರಣವಾದ ಮೇ ತಿಂಗಳ ಸಂಗೀತೋತ್ಸವ 1873ರಲ್ಲಿಯೇ ಥಿಯೊಡರ್ ಥಾಮಸನ ನೇತೃತ್ವದಲ್ಲಿ ಆರಂಭವಾಗಿತ್ತು. ನಾಣ್ಯದ ಮುಂಬದಿಯಲ್ಲಿರುವುದು ಗೀತಕಾರ ಸ್ಟೀಫನ್ ಫಾಸ್ಟರನ ಮುಖ. ಆತನು 1840ರ ದಶಕದ ಕಡೆಯ ಕೆಲವು ವರ್ಷ ಅಲ್ಲಿ ತನ್ನ ಅಣ್ಣನ ವ್ಯಾಪಾರದ ಲೆಕ್ಕ ಬರೆದುಕೊಂಡಿದ್ದುದು ನಿಜ. 1864ರಲ್ಲಿಯೇ ತೀರಿಕೊಂಡ ಆತನಿಗೂ 1886ಕ್ಕೂ ಏನು ಸಂಬಂಧ? ನಾಣ್ಯಗಳ ವಿನ್ಯಾಸವನ್ನು ಪರಿಶೀಲಿಸುತ್ತಿದ್ದ ಲಲಿತಕಲಾ ಆಯೋಗದ ಅಧ್ಯಕ್ಷ ಚಾರ್ಲ್ಸ್ ಮೂರ್ ಈ ಆಕ್ಷೇಪವನ್ನು ಆಗಲೇ ಎತ್ತಿದ್ದನು. ಅದು ಫಲಿಸಲಿಲ್ಲ. ಇಲ್ಲದ ಘಟನೆಯೊಂದಕ್ಕೆ ಸರ್ವತಂತ್ರಸ್ವತಂತ್ರ ರಾಷ್ಟ್ರವೊಂದರ ಮುದ್ರೆ ಬಿತ್ತು.

ಇಂತಹ ನಾಣ್ಯಗಳ ವಿಷಯದಲ್ಲಿ ಸರಕಾರವು ಎಚ್ಚರಗೊಳ್ಳದೆ ಇರಲಿಲ್ಲ. 1930ರಲ್ಲಿಯೇ ಅಧ್ಯಕ್ಷ ಹೂವರನು ಗ್ಯಾಡ್ಸ್‌ಡನ್ ಭೂಕ್ರಯದ ಸ್ಮಾರಕ ನಾಣ್ಯದ ಮಸೂದೆಯನ್ನು ತಿರಸ್ಕರಿಸಿದ್ದನು. ಬಗೆಬಗೆಯ ನಾಣ್ಯಗಳು ಹೆಚ್ಚಿದರೆ ಜನರಿಗೆ ಗೊಂದಲವೂ ಖೋಟಾ ನಾಣ್ಯ ಮಾಡುವವರಿಗೆ ಅನುಕೂಲವೂ ಆಗುವುದೆಂಬುದು ಆತನ ವಾದ. 1936ರ ಮಾರ್ಚಿಯಲ್ಲಿ ಸೆನೆಟ್ಟಿನ ಉಪಸಮಿತಿಯೊಂದು ಈ ವ್ಯಾಪಾರದ ದೋಷಗಳ ಬಗೆಗೆ ವಿಚಾರಣೆ ನಡೆಸಿತು. ಮುಂದಿನ ಹಲವು ಶಾಸನಗಳಲ್ಲಿ ಒಂದೇ ಟಂಕಸಾಲೆಯಲ್ಲಿ, 25,000ಕ್ಕೆ ಕಡಿಮೆಯಿಲ್ಲದಂತೆ ಟಂಕಿಸಬೇಕೆಂಬ ನಿಬಂಧನೆ ಸೇರಿತು. ಸಿನ್ಸಿನಾಟಿಯ ಶಾಸನವಾದರೋ ಅದೇ ಮಾರ್ಚಿಯ 31ರಂದು ಹಳೆಯ ರೀತಿಯಲ್ಲಿಯೇ ಅಂಗೀಕೃತವಾಗಿತ್ತು. ಆ ವರ್ಷದ ಅಂಕಿಯನ್ನು ಹೊತ್ತ ಹೊಸ ಬಗೆಗಳೇ ಹದಿನೈದಕ್ಕಿಂತ ಹೆಚ್ಚು. ಮಿತಿಮೀರಿದ ಸರಕಿನಿಂದ ಕೊಳ್ಳುವವರು ದಣಿದರು. ಮರುವರ್ಷದಿಂದ ಬೆಲೆಗಳು ಕುಸಿದುವು. ಮಾರಾಟವಾಗದವು ಕರಗುವ ಕುಲುಮೆಗೆ ಮರಳಿದುವು. 1939ರ ಆಗಸ್ಟ್ 5ರ ಶಾಸನವು ಹಳೆಯ ಅನುಮತಿಗಳನ್ನೆಲ್ಲ ರದ್ದುಗೊಳಿಸಿತು.

ಹೀಗೆ ಹುಟ್ಟಿನಲ್ಲಿಯೇ ವಿರಳವಾದ ನಾಣ್ಯಗಳ ಪಕ್ಕದಲ್ಲಿ ಕಾಲವಶದಿಂದ ವಿರಳವಾದವನ್ನು ಇಟ್ಟು ನೋಡುವುದು ಉಚಿತ. ಈ ಸಂದರ್ಭದಲ್ಲಿ ನಮ್ಮ ದೇಶಕ್ಕೂ ಸಂಬಂಧವುಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಬೆಳ್ಳಿಯ ರೂಪಾಯಿಗೆ ತೀವ್ರ ಅಭಾವ ಉಂಟಾದಾಗ, 1918ರ ಪಿಟ್‌ಮನ್ ಶಾಸನದ ಮೇರೆಗೆ ಅಮೆರಿಕವು ಸುಮಾರು 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅವುಗಳಲ್ಲಿ ಸುಮಾರು 25 ಕೋಟಿ 90 ಲಕ್ಷ ಡಾಲರುಗಳ ಬೆಳ್ಳಿ ಬ್ರಿಟನ್ನಿಗೆ ಮಾರಾಟವಾಗಿ ಭಾರತದ ರೂಪಾಯಿಗಳಾಯಿತು. ಯಾವ ವರ್ಷದ ಡಾಲರುಗಳು ಎಷ್ಟು ಕರಗಿದುವೆಂದು ಯಾರೂ ಲೆಕ್ಕ ಇಡಲಿಲ್ಲ. ಆದುದರಿಂದ ನ್ಯೂ ಆರ್ಲಿಯನ್ಸ್ ಟಂಕಸಾಲೆಯಲ್ಲಿ 1903ರಲ್ಲಿ 44 ಲಕ್ಷಕ್ಕೂ ಹೆಚ್ಚಾಗಿ ಹುಟ್ಟಿದ ಡಾಲರು ನಾಮಾವಶೇಷವಾಯಿತೆಂದೇ ಎಲ್ಲರೂ ಭಾವಿಸಿದರು. ಬಳಸದ ಪ್ರತಿಯೊಂದರ ಬೆಲೆಯನ್ನು ಕೈಪಿಡಿಗಳು 1,500 ಡಾಲರೆಂದು ಬರೆದುವು. 1962ರ ಕೊನೆಯಲ್ಲಿ ಖಜಾನೆಯ ನೆಲಮಾಳಿಗೆಯಿಂದ ಆ ನಾಣ್ಯಗಳ ಚೀಲಗಳು ಹೊರಬಂದುವು. ಬೆಲೆ ಕೆಲವು ಹತ್ತು ಡಾಲರುಗಳಿಗೆ ಇಳಿಯಿತು. ಟಂಕಿಸಿದ ಸಂಖ್ಯೆ, ಉಳಿದ ಸಂಖ್ಯೆ, ಪೇಟೆಗೆ ಬಂದ ಸಂಖ್ಯೆ—ಈ ಮೂರೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇನ್ನು ದರ್ಜೆಯ ವಿಚಾರ. ನಾಣ್ಯವನ್ನು ಪರೀಕ್ಷಿಸುವುದು ನಮ್ಮ ನಾಡಿಗೆ ಹೊಸದಲ್ಲ. ಚಿನಿವಾರನು ನಾಣ್ಯದ ನಾದವನ್ನು ಕೇಳಿ, ತೂಗಿ, ಒರೆಗೆ ಹಚ್ಚಿ, ಸವೆದದ್ದಕ್ಕೆ ವಟ್ಟ ಹಿಡಿಯುತ್ತಿದ್ದನು. ಆತನ ಪರೀಕ್ಷೆ ಲೋಹವನ್ನು ಕುರಿತದ್ದು. ಹೊಸ ಪರೀಕ್ಷೆಯಾದರೋ ಮೇಲ್ಮೈಯನ್ನು ಕುರಿತದ್ದು. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ವಿದ್ವಾಂಸನು ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಅಂಕಗಳನ್ನು ರೂಪಿಸಿದನು. ಮೂಲಬೆಲೆಯನ್ನು ಅಂಕದಿಂದ ಗುಣಿಸಿದರೆ ಪೇಟೆಯ ಬೆಲೆ ಬರಬೇಕೆಂಬುದು ಅವನ ಯೋಜನೆ. ಬೆಲೆಗಳು ಬದಲಾದ ಮೇಲೆ ಆ ಗುಣಾಕಾರ ನಿಲ್ಲಲಿಲ್ಲ; ಅಂಕಗಳು ಮಾತ್ರ ಉಳಿದು ಎಲ್ಲ ನಾಣ್ಯಗಳಿಗೂ ಹಬ್ಬಿದುವು. ಬಳಕೆಯಾಗದ ನಾಣ್ಯಗಳಲ್ಲಿಯೇ 60ರಿಂದ 70ರವರೆಗೆ ಹನ್ನೊಂದು ದರ್ಜೆಗಳಾದುವು. 1986ರಿಂದ, ಮಾರುವವನೂ ಕೊಳ್ಳುವವನೂ ಅಲ್ಲದ ಮೂರನೆಯ ಸಂಸ್ಥೆಯೊಂದು ದರ್ಜೆಯನ್ನು ನಿರ್ಣಯಿಸಿ ನಾಣ್ಯವನ್ನು ಪ್ಲಾಸ್ಟಿಕ್ ಕೋಶದಲ್ಲಿ ಮೊಹರು ಮಾಡುವ ಪದ್ಧತಿ ಬೇರೂರಿತು. ಇದರಿಂದ ಖೋಟಾ ನಾಣ್ಯದ ಭಯ ತಗ್ಗಿತೆಂಬುದು ನಿಸ್ಸಂದೇಹ. ಆದರೆ ನಾಣ್ಯವನ್ನು ಕಣ್ಣಾರೆ ನೋಡದೆ ಅಂಕವನ್ನು ಮಾತ್ರ ನೋಡಿ ಕೊಳ್ಳುವುದೂ ಸುಲಭವಾಯಿತು. ಷೇರುಪೇಟೆಯ ಹಣ ನಾಣ್ಯಗಳತ್ತ ಹರಿಯಿತು. 1989ರಲ್ಲಿ ಬೆಲೆಗಳು ಶಿಖರವನ್ನೇರಿ ಕುಸಿದಾಗ, 65ನೆಯ ದರ್ಜೆಯ ಸ್ಮಾರಕ ನಾಣ್ಯಗಳನ್ನು ಕೊಂಡಿದ್ದವರಿಗೆ ಭಾರಿ ನಷ್ಟವಾಯಿತು. ಬೆಳ್ಳಿ ಅಷ್ಟೇ ಇತ್ತು, ದರ್ಜೆಯೂ ಅದೇ ಆಗಿತ್ತು; ಕೊಳ್ಳುವವರು ಮಾತ್ರ ಇರಲಿಲ್ಲ.

ಅಮೆರಿಕವು 1982ರಲ್ಲಿ ಸ್ಮಾರಕ ನಾಣ್ಯಗಳನ್ನು ಪುನಃ ಆರಂಭಿಸಿತು. ಮತ್ತೆ ಅವುಗಳ ಸಂಖ್ಯೆ ಮಿತಿಮೀರಲು, ವರ್ಷಕ್ಕೆ ಎರಡೇ ಯೋಜನೆಗಳಿರಬೇಕೆಂದು 1996ರ ಶಾಸನವು ವಿಧಿಸಬೇಕಾಯಿತು. ಅರುವತ್ತು ವರ್ಷಗಳ ಹಿಂದಿನ ಅನುಭವವನ್ನು ಇನ್ನೊಮ್ಮೆ ಪಡೆಯಬೇಕಾದುದು ಸೋಜಿಗವೇನಲ್ಲ. ರಾಜ್ಯದ ಮುದ್ರೆಯಿಂದ ಲಾಭವನ್ನು ಪಡೆಯುವ ಆಸೆಗೆ ಕಾಲಭೇದವಿಲ್ಲ.

ಈ ವೃತ್ತಾಂತದಿಂದ ಇತಿಹಾಸದ ವಿದ್ಯಾರ್ಥಿಗಳು ಗ್ರಹಿಸಬೇಕಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಸ್ಮಾರಕ ನಾಣ್ಯವು ತಾನು ಸ್ಮರಿಸುವ ಘಟನೆಗೆ ಸಾಕ್ಷಿಯಲ್ಲ, ತಾನು ಹುಟ್ಟಿದ ಕಾಲದ ಮನೋಧರ್ಮಕ್ಕೆ ಸಾಕ್ಷಿ. ನಾಣ್ಯದ ವಿರಳತೆಯನ್ನು ಕಂಡ ಕೂಡಲೆ ಅದರ ಪ್ರಾಚೀನತೆಯನ್ನಾಗಲಿ ಮಹತ್ತ್ವವನ್ನಾಗಲಿ ಊಹಿಸದೆ, ಆ ವಿರಳತೆ ಹೇಗೆ ಉಂಟಾಯಿತೆಂದು ಮೊದಲು ವಿಚಾರಿಸಬೇಕು. ಸವೆತವನ್ನು ದೋಷವೆಂದೆಣಿಸುವುದು ಸಂಗ್ರಾಹಕನ ದೃಷ್ಟಿ; ಇತಿಹಾಸಕಾರನಿಗೆ ಸವೆತವೇ ಆ ನಾಣ್ಯವು ಜನರ ನಡುವೆ ಬಾಳಿತೆಂಬುದಕ್ಕೆ ಪ್ರಮಾಣ. ಶಿಕಾಗೋ ಪ್ರದರ್ಶನದ ನಾಣ್ಯಗಳಲ್ಲಿ ಕೈಬದಲಾಗಿ ಕೊಲಂಬಸನ ಮೂಗು ಸವೆದುಹೋದದ್ದಕ್ಕೆ ಪೇಟೆಯಲ್ಲಿ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಹುಟ್ಟಲಾರದು. ಆದರೂ 1893ರ ಅನಂತರದ ಹಣದ ಮುಗ್ಗಟ್ಟಿನ ದಿನಗಳಲ್ಲಿ ಯಾವನೋ ಒಬ್ಬನು ಅದನ್ನು ಕೊಟ್ಟು ಊಟವನ್ನೋ ಬಟ್ಟೆಯನ್ನೋ ಕೊಂಡಿದ್ದನೆಂಬುದನ್ನು ಅದು ಹೇಳುತ್ತದೆ. ಹುಟ್ಟಿದ ದಿನದ ಹೊಳಪನ್ನು ಉಳಿಸಿಕೊಂಡು ಪೆಟ್ಟಿಗೆಯಲ್ಲಿ ಮಲಗಿರುವ ಸಿನ್ಸಿನಾಟಿಯ ಮೂರು ನಾಣ್ಯಗಳು ನಮಗೆ ತಿಳಿಸುವುದು ಅವುಗಳನ್ನು ಮಾರಿದವರ ವಿಚಾರವನ್ನು ಮಾತ್ರ.