ಪಾರ್ಶ್ವಾರಂಭ (ಚದುರಂಗ)

ಮಣೆಯ ನಡುವಣ ನಾಲ್ಕು ಮನೆಗಳನ್ನು ಆಟದ ಮೊದಲಲ್ಲಿಯೇ ಕಾಲಾಳುಗಳಿಂದ ಆಕ್ರಮಿಸದೆ, ಇಕ್ಕೆಲಗಳಿಂದ ಒಂಟೆ ಕುದುರೆಗಳ ದೃಷ್ಟಿಯನ್ನು ಅವುಗಳ ಮೇಲೆ ನೆಟ್ಟು, ಎದುರಾಳಿ ಅಲ್ಲಿ ಕಟ್ಟಿದುದನ್ನು ಸಮಯ ನೋಡಿ ಕೆಡಹುವ ಆರಂಭಕ್ರಮ. 1843ರಲ್ಲಿ ಪ್ಯಾರಿಸಿನಲ್ಲಿ ಆಂಗ್ಲ ಆಟಗಾರ ಹೋವರ್ಡ್ ಸ್ಟಾಂಟನ್ ಸಿ4 ನಡೆಯನ್ನು (ಸಿ ಸಾಲಿನ ಕಾಲಾಳನ್ನು ನಾಲ್ಕನೆಯ ಮನೆಗೆ ಸರಿಸುವುದು) ಪ್ರಯೋಗಿಸಿದುದರಿಂದ ಅದಕ್ಕೆ ಇಂಗ್ಲಿಷ್ ಆರಂಭವೆಂಬ ಹೆಸರಾಯಿತು. ಆದರೆ ಒಂಟೆಯನ್ನು ಮಗ್ಗುಲಲ್ಲಿ ನಿಲ್ಲಿಸುವ ಪದ್ಧತಿ ನಮ್ಮವರಿಗೆ ಹೊಸತಲ್ಲ. ದೇಶೀಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯುತ್ತಿದ್ದುದರಿಂದ ಅಂತಹ ವ್ಯೂಹ ಸಹಜವಾಗಿಯೇ ಒದಗುತ್ತಿದ್ದಿತು. 1850ರ ಆಸುಪಾಸಿನಲ್ಲಿ ಕಲ್ಕತ್ತೆಯ ಮಹೇಶಚಂದ್ರ ಬ್ಯಾನರ್ಜಿ ಜಾನ್ ಕಾಕ್ರೇನನೊಡನೆ ಈ ಬಗೆಯಲ್ಲಿ ಆಡಿದನು.

ಈ ಕ್ರಮಕ್ಕೆ ಜಗತ್ತಿನ ಮನ್ನಣೆ ದೊರೆತುದು 1924ರ ಮಾರ್ಚ್ 22ರಂದು, ನ್ಯೂಯಾರ್ಕ್ ಪಂದ್ಯಾವಳಿಯಲ್ಲಿ. ಎಂಟು ವರ್ಷಗಳಿಂದ ಸೋಲನ್ನೇ ಕಾಣದಿದ್ದ ಜಗಜ್ಜೇತ ಕಪಾಬ್ಲಾಂಕನೆದುರು ರಿಚರ್ಡ್ ರೇಟಿ ಎಫ್3ಕ್ಕೆ ಕುದುರೆಯನ್ನಿಟ್ಟು ಆರಂಭಿಸಿ, ಮೂರನೆಯ ನಡೆಯಲ್ಲಿ ಬಿ4ಕ್ಕೆ ಕಾಲಾಳನ್ನು ನೂಕಿ, ನಾಲ್ಕನೆಯದರಲ್ಲಿ ಬಿ2ರಲ್ಲಿ ಒಂಟೆಯನ್ನು ನೆಲೆಗೊಳಿಸಿದನು. ಹದಿನೈದು ನಡೆಗಳವರೆಗೆ ನಡುವಣ ಮನೆಗಳಲ್ಲಿ ಅವನ ಒಂದು ಕಾಲಾಳೂ ಇರಲಿಲ್ಲ. ಹದಿನಾರನೆಯದರಲ್ಲಿ ಡಿ4 ಬಂದೊಡನೆ ಮಣೆಯೆಲ್ಲ ತೆರೆಯಿತು. ಕರಿಯ ಮಂತ್ರಿ ಸಿ4ರ ಕಾಲಾಳನ್ನು ಹೊಡೆಯಿತು. ಬಿಳಿಯ ಒಂಟೆ ಜಿ7ರ ಒಂಟೆಯನ್ನು ಕಡಿದು ತಾನೂ ಮಡಿಯಿತು. ಅದು ಬಿಟ್ಟುಹೋದ ಬಿ2ರ ಮನೆಗೇ ರೇಟಿಯ ಮಂತ್ರಿ ಬಂದು ನಿಂತು, ಅದೇ ಓರೆಸಾಲಿನಲ್ಲಿ ಅರಸನಿಗೆ ಚೆಕ್ ಕೊಟ್ಟಿತು. ಇಡೀ ಆಟದಲ್ಲಿ ಇದಕ್ಕಿಂತ ಸುಂದರವಾದ ನಡೆ ಬೇರೆಯಿಲ್ಲ. ಮೂವತ್ತೊಂದನೆಯ ನಡೆಯಲ್ಲಿ ಆನೆ ಡಿ5ಕ್ಕೆ ಬರಲು, ಕರಿಯ ಮಂತ್ರಿಗೆ ನಿರ್ಭಯವಾದ ಒಂದು ಮನೆಯೂ ಉಳಿಯಲಿಲ್ಲ, ಕಪಾಬ್ಲಾಂಕ ಸೋಲೊಪ್ಪಿದನು.

ಪಂದ್ಯಾವಳಿಯನ್ನು ಗೆದ್ದವನು ಲಾಸ್ಕರ್. ರೇಟಿಗೆ ಐದನೆಯ ಸ್ಥಾನ. ಆದರೂ ಕುದುರೆಯ ಈ ಮೊದಲ ನಡೆ ಅವನ ಹೆಸರಿನಿಂದಲೇ ಉಳಿಯಿತು. ಪಾರ್ಶ್ವಾರಂಭವೆಂದರೆ ಅಭೇದ್ಯವೆಂದೇನೂ ಅಲ್ಲ: 1970ರಲ್ಲಿ ಬೆಲ್‌ಗ್ರೇಡಿನಲ್ಲಿ ಬಿ3ರಿಂದ ತೊಡಗಿದ ಲಾರ್ಸೆನ್ ಸ್ಪಾಸ್ಕಿಗೆ ಹದಿನೇಳೇ ನಡೆಗಳಲ್ಲಿ ಸೋತನು.

ಯಡ್ತರೆಯಂತಹ ಊರಿನ ಚಾವಡಿಯಲ್ಲಿ ಮಳೆಗಾಲದ ಮಧ್ಯಾಹ್ನ ಮಣೆ ಹಾಸಿಕೊಳ್ಳುವ ಬಾಲಕನು ರೇಟಿಯ ಆಟವನ್ನು ಕಾಯಿಗಳಿಂದಲೇ ಆಡಿ ನೋಡಬೇಕು. ಕೊನೆಯ ನಡೆಯಲ್ಲಿ ನಿಲ್ಲಿಸಿ, ಕರಿಯ ಮಂತ್ರಿಯನ್ನು ಒಂದೊಂದು ಮನೆಗೂ ಸರಿಸಿ, ಅದನ್ನು ಹಿಡಿಯುವ ಕಾಯಿ ಯಾವುದೆಂದು ತಾನೇ ಹುಡುಕಬೇಕು.