‘ಇಂದಿರಾಬಾಯಿ’ಯಲ್ಲಿ ದೈವವೂ ಪುರುಷಕಾರವೂ

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಬಾಲವಿಧವೆಯೊಬ್ಬಳು ಪುನರ್ವಿವಾಹವಾಗುವ ಈ ಕಥೆಯನ್ನು ಸಮಾಜಸುಧಾರಣೆಯ ಗ್ರಂಥವೆಂದೇ ವಿಮರ್ಶಕರು ಸಾಮಾನ್ಯವಾಗಿ ಎಣಿಸಿರುವರು. ಅದು ಸರಿಯೇ. ಆದರೆ ಕಥೆಯ ಒಳಗೆ ನಡೆಯುವ ವ್ಯಾಜ್ಯವು ಇನ್ನೂ ಹಳೆಯದು. ಶಾಸ್ತ್ರಕಾರರು ದೈವ, ಪುರುಷಕಾರ ಎಂದು ಹೆಸರಿಟ್ಟು ಚರ್ಚಿಸಿದ ವ್ಯಾಜ್ಯವೇ ಅದು.

ವೈಧವ್ಯವು ಪೂರ್ವಜನ್ಮದ ಕರ್ಮಫಲವೆಂಬುದು ಆ ಕಾಲದ ಮನೆಗಳಲ್ಲಿ ವಾದವನ್ನೇ ಬೇಡದ ಮಾತು. ಇಂದಿರೆಯ ತಂದೆತಾಯಿಗಳಾದ ಭೀಮರಾಯ, ಅಂಬಾಬಾಯಿಯವರು ಅಂತಹ ಮನೆಯವರೇ. ಆದರೆ ಭೀಮರಾಯನ ಐಶ್ವರ್ಯವು ಅನ್ಯಾಯಾರ್ಜಿತವೆಂದೂ, ಮಗಳಿಗೆ ಕಪಟಸಂತರ ಸಹವಾಸವನ್ನು ಕಲ್ಪಿಸಿದವರು ಅವರೇ ಎಂದೂ ಗ್ರಂಥಕರ್ತರು ತೋರಿಸುವರು. ಹಣೆಬರಹವೆನಿಸಿಕೊಂಡುದರಲ್ಲಿ ಬಹುಪಾಲು ಮನುಷ್ಯರ ಕೈಬರಹವೆಂದು ಓದುಗರಿಗೆ ಮೆಲ್ಲಗೆ ತಿಳಿಯುತ್ತದೆ.

ಇಂದಿರೆಯ ಪುರುಷಕಾರವೆಲ್ಲವೂ (ಸ್ತ್ರೀಯ ಸ್ವಪ್ರಯತ್ನಕ್ಕೆ ಈ ಶಬ್ದವು ವಿಚಿತ್ರವಾಗಿ ಕೇಳಿಸಿದರೂ ರೂಢಿಯಲ್ಲಿರುವುದು ಅದೇ) ಒಂದು ಕಾರ್ಯದಲ್ಲಿ ಅಡಗಿದೆ: ಆಕೆಯು ತವರನ್ನು ಬಿಟ್ಟು ಅಮೃತರಾಯರ ಮನೆಯನ್ನು ಸೇರುತ್ತಾಳೆ. ಇದರ ಬೆಲೆಯನ್ನು ತಿಳಿಯಬೇಕಾದರೆ 1856ರ ಹಿಂದೂ ವಿಧವಾ ಪುನರ್ವಿವಾಹದ ಕಾಯಿದೆಯನ್ನು ನೋಡಬೇಕು. ಅದರಂತೆ, ಪ್ರಸ್ತವಾಗದ ಅಪ್ರಾಪ್ತವಯಸ್ಕ ವಿಧವೆಯು ಮರುವಿವಾಹವಾಗಲು ತಂದೆಯ, ಅವನಿಲ್ಲದಿದ್ದರೆ ಇತರ ಬಂಧುಗಳ, ಒಪ್ಪಿಗೆ ಬೇಕಾಗಿದ್ದಿತು. ಪ್ರಾಪ್ತವಯಸ್ಕಳಿಗೆ ಸ್ವಂತ ಸಮ್ಮತಿಯೇ ಸಾಕಾಗಿದ್ದಿತು. ಎಂದರೆ, ಕಾದಂಬರಿಯು ಹೊರಬರುವುದಕ್ಕೆ 43 ವರ್ಷ ಮೊದಲೇ ವಿಧವೆಯ ಇಚ್ಛೆಗೆ ನ್ಯಾಯಬಲವು ಒದಗಿದ್ದಿತು. ಇಚ್ಛಿಸಿದವಳು ಆ ರಾತ್ರಿ ಯಾರ ಮನೆಯಲ್ಲಿ ಮಲಗಬೇಕು, ಯಾರ ಅನ್ನವನ್ನು ಉಣ್ಣಬೇಕು ಎಂಬುದನ್ನು ಮಾತ್ರ ಕಾಯಿದೆಯು ಹೇಳಲಿಲ್ಲ. ಮರುವಿವಾಹದಿಂದ ಮೃತಪತಿಯ ಸ್ವತ್ತಿನ ಹಕ್ಕೂ ತಪ್ಪುತ್ತಿದ್ದಿತು. ಕಾನೂನು ತೆರೆದ ದಾರಿಯಲ್ಲಿ ನಡೆಯಲು ಒಂದು ಮನೆಯ ಆಸರೆಯೂ ಬೇಕೆಂಬುದನ್ನು ವೆಂಕಟರಾಯರು ಚೆನ್ನಾಗಿ ಗ್ರಹಿಸಿದ್ದರು. ಇಂದಿರೆಯ ಧೈರ್ಯವನ್ನು ಹೊಗಳುವವರು ಅಮೃತರಾಯರ ಬಾಗಿಲು ತೆರೆದಿದ್ದಿತೆಂಬುದನ್ನು ಮರೆಯಬಾರದು.

ಮುಂದೆ ದೈವವು ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ. ಅಮೃತರಾಯರು ಸಾಕಿದ ಭಾಸ್ಕರನು ವಿಲಾಯಿತಿಗೆ ಹೋಗಿ, ಅಧಿಕಾರಿಯಾಗಿ ಹಿಂದಿರುಗಿ ಇಂದಿರೆಯನ್ನು ವರಿಸುವುದು ಬಹುಮಟ್ಟಿಗೆ ಸುಯೋಗವೇ ಹೊರತು ಆಕೆಯ ಪ್ರಯತ್ನದ ಫಲವಲ್ಲ. ಗ್ರಂಥದ ಇನ್ನೊಂದು ಹೆಸರು ‘ಸದ್ಧರ್ಮ ವಿಜಯ’. ಆ ಹೆಸರಿಗೆ ಒಪ್ಪುವಂತೆ ಸಜ್ಜನರಿಗೆ ಸುಖವನ್ನು ಹಂಚುವ ಆತುರದಲ್ಲಿ, ಗ್ರಂಥಕರ್ತರು ಪೂರ್ವಜನ್ಮದ ಕರ್ಮವನ್ನು ಕೈಬಿಟ್ಟು ಇಹಜನ್ಮದ ಕರ್ಮಕ್ಕೆ ಕೂಡಲೇ ಫಲವನ್ನು ಕೊಡಿಸಿರುವರು. ಭಾಸ್ಕರನು ಬಾರದೆ ಹೋಗಿದ್ದರೂ ತವರಿನ ಹೊಸ್ತಿಲನ್ನು ದಾಟಿದವಳ ನಿರ್ಧಾರವು ಅಷ್ಟೇ ಯುಕ್ತವಾಗಿರುತ್ತಿದ್ದಿತು. ಅದನ್ನು ಪರೀಕ್ಷಿಸುವ ಅವಕಾಶವನ್ನು ಕಥೆಯು ಕೊಡುವುದಿಲ್ಲ.