ಯುದ್ಧಕ್ಕೆ ಓಟು ಹಾಕಿದವರು ಯಾರು?



ಮೊನ್ನೆ ಸಂಜೆ ಕುಂದಾಪುರದಿಂದ ಗುಲ್ವಾಡಿಗೆ ಬರುವ ಬಸ್ಸಲ್ಲಿ ಮತ್ತೆ ಆಪರೇಷನ್ ಸಿಂಧೂರದ ಮಾತು ಬಂತು. "ಯುದ್ಧದ್ ಟೈಮಂಗೆ ಪಾರ್ಟಿ ಎಂತಕೆ ಮಾರಾಯ್ರೆ, ಎಲ್ಲರೂ ಒಂದೇ ಅಲ್ದಾ?" ಅಂದರು ಒಬ್ಬರು. ಹಾಗಾದ್ರೆ ಪಾರ್ಲಿಮೆಂಟಲ್ಲಿ ಯಾರು ಯಾವ ಕಡೆ ಓಟು ಹಾಕಿದ್ರು ಅಂತ ಕೇಳಿದೆ. ಸುಮ್ಮನೆ ನನ್ನ ಮುಖ ನೋಡಿದರು. ನಮ್ಮಂಥವರು ಇಂಥದ್ದು ಕೇಳಿದಾಗ ನೋಡುವ ನೋಟ ಹೇಗಿರ್ತದೆ ಅಂತ ನಿಮಗೆ ಗೊತ್ತುಂಟು. ಮತ್ತೆ ನಾನು ಬಾಯಿ ತೆರೆಯಲಿಲ್ಲ. ಅಲ್ಲಿ ನುಂಗಿದ್ದನ್ನು ಇಲ್ಲಿ ಬರೀತಿದ್ದೇನೆ, ಸ್ವಲ್ಪ ಉದ್ದ ಆಗ್ತದೆ.

ಉತ್ತರ ಏನಂದ್ರೆ, ಯಾರೂ ಹಾಕಿಲ್ಲ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 15ನೇ ನಮೂದು "ಯುದ್ಧ ಮತ್ತು ಶಾಂತಿ". ಆದರೆ ಯುದ್ಧಕ್ಕೆ ಇಳಿಯುವ ಮುಂಚೆ ಸಂಸತ್ತಿನ ಮತ ಪಡೆಯಲೇಬೇಕು ಅಂತ ಎಲ್ಲೂ ಬರೆದಿಲ್ಲ. ತೀರ್ಮಾನ ಸಂಪುಟದ್ದು. 2025ರ ಜುಲೈ ಕೊನೆಯಲ್ಲಿ ಲೋಕಸಭೆ ಎರಡು ದಿನ ಸಿಂಧೂರದ ಚರ್ಚೆ ಮಾಡಿತು. ಪ್ರಧಾನಿ ಉತ್ತರ ಕೊಟ್ಟರು, ಮುಗೀತು. ಮತ ಇಲ್ಲ.

1962ರಲ್ಲಿ ಹೇಗಿತ್ತು? ಅಕ್ಟೋಬರ್ 20ಕ್ಕೆ ಚೀನಾ ದಾಳಿ. ಅಧಿವೇಶನ ಕರೆಯಿರಿ ಅಂತ ಕೇಳಿದವರಲ್ಲಿ ಜನಸಂಘದ ವಾಜಪೇಯಿ ಒಬ್ಬರು. ನೆಹರೂ ಯುದ್ಧ ನಡೀತಿರುವಾಗಲೇ ನವೆಂಬರ್ 8ಕ್ಕೆ ಸದನ ಕರೆದರು. ಅದರ ಹಿಂದಿನ ದಿನವೇ ಕೃಷ್ಣ ಮೆನನ್ ಹೋಗಬೇಕಾಯ್ತು, ಸ್ವಂತ ಕಾಂಗ್ರೆಸ್ಸಿನ ಸಂಸದರೇ ಪಟ್ಟು ಹಿಡಿದಿದ್ದರು. ನವೆಂಬರ್ 14ಕ್ಕೆ ಇಡೀ ಲೋಕಸಭೆ ಎದ್ದು ನಿಂತು ನಿರ್ಣಯ ಒಪ್ಪಿತು. ಒಬ್ಬರೂ ವಿರೋಧಿಸಲಿಲ್ಲ. ಕಮ್ಯುನಿಸ್ಟ್ ಪಕ್ಷದ ರಾಷ್ಟ್ರೀಯ ಮಂಡಳಿಯೂ ನವೆಂಬರ್ 1ಕ್ಕೇ ಸರ್ಕಾರದ ಪರ ನಿಂತಿತ್ತು. ಆದ್ರೂ ಅದೇ ತಿಂಗಳು ಭಾರತ ರಕ್ಷಣಾ ನಿಯಮದಡಿ ಆ ಪಕ್ಷದ ನೂರಾರು ಜನರನ್ನು ಜೈಲಿಗೆ ಹಾಕಿದರು. ಒಗ್ಗಟ್ಟು ಅಂದ್ರೆ ಇದು! ಪಕ್ಷಗಳ ಭಿನ್ನಮತ ಲೆಕ್ಕಕ್ಕೆ ಸಿಕ್ಕಿದ್ದು 1963ರ ಆಗಸ್ಟಲ್ಲಿ, ಕೃಪಲಾನಿಯವರ ಅವಿಶ್ವಾಸ ನಿರ್ಣಯದಲ್ಲಿ. ಪರ 62, ವಿರೋಧ 347.

ಅಮೆರಿಕದಲ್ಲಿ ಈ ಲೆಕ್ಕ ಕಣ್ಣಿಗೆ ಕಾಣ್ತದೆ. 2002ರ ಅಕ್ಟೋಬರಲ್ಲಿ ಇರಾಕ್ ಮೇಲೆ ಯುದ್ಧಕ್ಕೆ ಅಧಿಕಾರ ಕೊಡುವಾಗ ಅವರ ಕೆಳಮನೆಯಲ್ಲಿ ರಿಪಬ್ಲಿಕನ್ನರು 215 ಪರ, 6 ವಿರೋಧ. ಡೆಮಾಕ್ರಟರು 81 ಪರ, 126 ವಿರೋಧ. ಯಾರ ಕೈಯಲ್ಲಿ ಎಷ್ಟು ರಕ್ತ ಅಂತ ಹೆಸರು ಸಮೇತ ಇವತ್ತಿಗೂ ತೋರಿಸಬಹುದು. ಅದರ ಹಿಂದಿನ ವರ್ಷ, 2001ರ ಸೆಪ್ಟೆಂಬರ್ 14ಕ್ಕೆ 420 ಜನ ಒಂದು ಕಡೆ, ಒಬ್ಬಳು ಕಪ್ಪು ಹೆಣ್ಣುಮಗಳು ಇನ್ನೊಂದು ಕಡೆ. ಬಾರ್ಬರಾ ಲೀ. ಕೊಲೆ ಬೆದರಿಕೆ ಬಂತು, ಸ್ಥಾನ ಮಾತ್ರ ಹೋಗಲಿಲ್ಲ. ಅವರ ವ್ಯವಸ್ಥೆಯನ್ನು ಹೊಗಳ್ತಿಲ್ಲ, ಓಟು ಹಾಕಿಯೂ ಇರಾಕನ್ನು ಸುಟ್ಟವರೇ ಅವರು.

ನಮ್ಮಲ್ಲಿ ಅಂಥ ಒಬ್ಬಳು ಎದ್ದರೆ? 1985ರ ಪಕ್ಷಾಂತರ ನಿಷೇಧ ಕಾನೂನು ಉಂಟಲ್ಲ, ವಿಪ್ ಮೀರಿದರೆ ಸದಸ್ಯತ್ವವೇ ಹೋಗಬಹುದು. ನಮ್ಮ ಜಿಲ್ಲೆಯ ಉದಾಹರಣೆಯೇ ನೋಡಿ. 2008ರ ಜುಲೈ 22, ಅಮೆರಿಕದ ಜೊತೆಗಿನ ಅಣು ಒಪ್ಪಂದದ ಗಲಾಟೆಯಲ್ಲಿ ವಿಶ್ವಾಸಮತ. ಎಡಪಕ್ಷ, ಬಿಜೆಪಿ ಎರಡೂ ವಿರೋಧ. ಆಗ ಉಡುಪಿಯ ಬಿಜೆಪಿ ಸಂಸದೆ ಮನೋರಮಾ ಮಧ್ವರಾಜ್ ಓಟೇ ಹಾಕಲಿಲ್ಲ. ಬೆಂಗಳೂರು ಉತ್ತರದ ಸಾಂಗ್ಲಿಯಾನ ಸರ್ಕಾರದ ಪರ ಹಾಕಿದರು, ಬಿಜೆಪಿ ಅವರನ್ನು ಹೊರಗೆ ಹಾಕಿತು. ಸರ್ಕಾರ 275–256ರಲ್ಲಿ ಉಳೀತು. ಒಪ್ಪಂದ ಸರಿಯೋ ತಪ್ಪೋ ಅನ್ನೋದಕ್ಕಿಂತ ಯಾರು ಯಾರ ಕಡೆ ಅನ್ನೋದೇ ಊರಲ್ಲಿ ಸುದ್ದಿ.

ಈಗ ಬಾಬಾಸಾಹೇಬರಿಗೆ ಬರ್ತೇನೆ. 1951ರ ರಾಜೀನಾಮೆ ಅಂದ ಕೂಡಲೇ ನಾವು ಹಿಂದೂ ಕೋಡ್ ಬಿಲ್ ಅಂತೇವೆ. ಸರಿಯೇ. ಆದರೆ ಆ ಅಕ್ಟೋಬರ್ 10ರ ಹೇಳಿಕೆಯಲ್ಲಿ ಇನ್ನೊಂದು ಕಾರಣವೂ ಉಂಟು, ವಿದೇಶಾಂಗ ನೀತಿ. ವರ್ಷದ ಆದಾಯ 350 ಕೋಟಿ, ಅದರಲ್ಲಿ ಸೈನ್ಯಕ್ಕೇ ಸುಮಾರು 180 ಕೋಟಿ ಅಂತ ಲೆಕ್ಕ ಇಟ್ಟರು. ಅರ್ಧಕ್ಕಿಂತ ಜಾಸ್ತಿ! ನಮಗೆ ಕಷ್ಟ ಬಂದರೆ ಕೈ ಹಿಡಿಯುವ ಮಿತ್ರರಿಲ್ಲ, ಅದಕ್ಕೇ ಈ ಖರ್ಚು ಅನ್ನೋದು ಅವರ ವಾದ. ಆ ಹೇಳಿಕೆಯನ್ನು ಸದನದಲ್ಲಿ ಓದಲಿಕ್ಕೂ ಆಗಲಿಲ್ಲ, ಮೊದಲು ಪ್ರತಿ ಕೊಡಿ ಅಂದರು, ಬಾಬಾಸಾಹೇಬರು ಎದ್ದು ಹೊರಗೆ ಬಂದರು.

ಹಾಗಂತ ಅವರನ್ನು ಶಾಂತಿದೂತ ಮಾಡುವುದು ಬೇಡ. 1954ರ ಆಗಸ್ಟ್ 26ಕ್ಕೆ ರಾಜ್ಯಸಭೆಯಲ್ಲಿ ಪಂಚಶೀಲವನ್ನೇ ಟೀಕಿಸಿದರು, ಮಾವೋಗೆ ಅದರಲ್ಲಿ ನಂಬಿಕೆ ಇಲ್ಲ ಅಂದರು. ಕಾಶ್ಮೀರ ಹಂಚಿಕೊಳ್ಳುವ ಅವರ ಸಲಹೆ ನನಗೆ ಒಪ್ಪಿಗೆ ಇಲ್ಲ. ಆದರೆ ಪ್ರಶ್ನೆ ಕೇಳಿದ್ದಕ್ಕೆ ಅವರು ದೇಶದ್ರೋಹಿ ಆದರಾ?

ಯುದ್ಧದ ವಿಷಯದಲ್ಲಿ ನಮ್ಮ ಸಂಸದರ ಕೈಯಲ್ಲಿರುವ ನಿಜವಾದ ಓಟು ಬಜೆಟ್ಟಿನ ಓಟು. 2025–26ರಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ. ಸಮಯ ಮುಗೀತು ಅಂತ ಚರ್ಚೆ ಇಲ್ಲದೆ ಬೇಡಿಕೆಗಳನ್ನು ಒಟ್ಟಿಗೆ ಪಾಸು ಮಾಡುವುದಕ್ಕೆ ಗಿಲೊಟಿನ್ ಅಂತ ಹೆಸರು. 2018ರ ಮಾರ್ಚಲ್ಲಿ ಲೋಕಸಭೆ ಎಲ್ಲಾ ಇಲಾಖೆಯ ಬೇಡಿಕೆಗಳನ್ನೂ ಹಾಗೇ ಗದ್ದಲದ ನಡುವೆ ಧ್ವನಿಮತದಲ್ಲಿ ಪಾಸು ಮಾಡಿತು. ನಾನು ಗುಮಾಸ್ತ, 180 ರೂಪಾಯಿಯ ಬಿಲ್ಲಿಗೂ ಮೂರು ಸಹಿ ಹಾಕಿಸುವವ.

ಆ 1951ರ ಹೇಳಿಕೆಯ ಜೆರಾಕ್ಸ್ ಭಾನುವಾರದ ಸಭೆಗೆ ತರ್ತೇನೆ. ಒಟ್ಟಿಗೆ ಓದುವ. ಮಳೆ ಇದ್ರೂ ಬನ್ನಿ.